ಮಂಡಕ್ಕಿ ಭಟ್ಟಿಗೆ ರೋಬೋಟ್ ಕೈ: ಒಂದು ಫೈನಲ್ ಇಯರ್ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದ ಫೈನಲ್ ಇಯರ್ ಪ್ರಾಜೆಕ್ಟ್ ಇದು. ನಾನು ಗೈಡ್. ಕಾಲೇಜು, ಹುಡುಗರು, ಭಟ್ಟಿ, ಯಾರ ಹೆಸರನ್ನೂ ಹಾಕುತ್ತಿಲ್ಲ. ಹೆಸರು ಬೇಡ ಎಂದು ಷರತ್ತು ಹಾಕಿದ್ದು ಭಟ್ಟಿಯಲ್ಲಿ ಕೆಲಸ ಮಾಡುವ ಚಾಚಾ. ಅವರಿಗೆ ಒಂದು ನ್ಯಾಯ, ನಮಗೊಂದು ನ್ಯಾಯ ಬೇಡ ಅಂತ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ.

ಗುಂಪಿನಲ್ಲಿ ರೋಬೋಟಿಕ್ಸ್ ಓದುವ ಮೂವರು ಹುಡುಗರಿದ್ದರು. ಅವರ ಜೊತೆಗೆ ಒಬ್ಬನ ದೊಡ್ಡಪ್ಪನ ಮಗಳು ಸೇರಿಕೊಂಡಳು. ದೃಶ್ಯಕಲೆಯಲ್ಲಿ ಮಾಸ್ಟರ್ಸ್ ಮಾಡುತ್ತಿದ್ದವಳು. ರಿಪೋರ್ಟಿನಲ್ಲಿ ಅವಳ ಹೆಸರು ಬರುವ ಹಾಗಿರಲಿಲ್ಲ, ಕೆಲಸದಲ್ಲಿ ಮಾತ್ರ ಎಲ್ಲ ಕಡೆ ಇದ್ದಳು. ಮೂವರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ನಮ್ಮೂರಲ್ಲಿ 1951ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಇದೆ, 1964ರಲ್ಲಿ ಶುರುವಾದ ದೃಶ್ಯಕಲಾ ಕಾಲೇಜೂ ಇದೆ, ಮೊದಲನೆಯದು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಎರಡನೆಯದು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇಂಥ ಊರಲ್ಲಿ ಹೀಗೊಂದು ಜೋಡಿ ಕೂಡುವುದು ಅಷ್ಟೇನೂ ದೊಡ್ಡ ವಿಷಯ ಆಗಬಾರದು.

ನಾನು ತೆಗೆದುಕೊಳ್ಳುವ ಐಚ್ಛಿಕ ಪೇಪರಿನ ಬಗ್ಗೆ ಮೊದಲು ಎರಡು ಮಾತು. ಸಿಲೆಬಸ್‌ನಲ್ಲಿ ಅದಕ್ಕೆ ಏನೋ ಗಂಭೀರವಾದ ಹೆಸರಿದೆ. ನಾನು ಮಾಡಿಸುವುದು ಇಷ್ಟು: ರೋಬೋಟ್ ಕಟ್ಟಬೇಕು, ಅದು ಯಾರಿಗೆ ಏನು ಮಾಡುತ್ತಿದೆ ಅಂತ ನೋಡಬೇಕು, ನೋಡಿದ್ದನ್ನು ಮತ್ತೆ ಆ ರೋಬೋಟಿನೊಳಗೇ ತರಬೇಕು. ಬರೀ ಪ್ರಬಂಧ ಬರೆದು ಕೊಟ್ಟರೆ ಆಗುವುದಿಲ್ಲ, ಬರೀ ಓಡುವ ಗಾಡಿ ತಂದು ತೋರಿಸಿದರೂ ಆಗುವುದಿಲ್ಲ. ಅಮೆರಿಕದ ಫಿಲ್ ಆಗ್ರೆ ಕೃತಕ ಬುದ್ಧಿಮತ್ತೆಯಲ್ಲೇ ಪಿಎಚ್‌ಡಿ ಮಾಡಿ, ಆಮೇಲೆ ಅದೇ ಕ್ಷೇತ್ರವನ್ನು ಒಳಗಿನಿಂದ ಪ್ರಶ್ನಿಸಿದವರು. ಒಂದು ಕಾಲು ಕಟ್ಟುವ ಕೆಲಸದಲ್ಲಿ, ಇನ್ನೊಂದು ವಿಮರ್ಶೆಯಲ್ಲಿ ಇಟ್ಟುಕೊಳ್ಳಬೇಕು ಎಂದು 1997ರಲ್ಲಿ ಬರೆದರು. ನನ್ನ ಪೇಪರಿನ ಬೇರು ಅಲ್ಲಿದೆ.

ಮೊದಲ ಪ್ರಯೋಗ ಸುಲಭದ್ದು. ಬೆಳಕು ಗುರುತಿಸುವ ಎರಡು ಎಲ್‌ಡಿಆರ್, ಎರಡು ಮೋಟರ್. ಎಡಗಡೆಯ ಸೆನ್ಸರನ್ನು ಎಡಗಡೆಯ ಮೋಟರಿಗೆ ಕೊಟ್ಟರೆ ಗಾಡಿ ಬೆಳಕಿನಿಂದ ತಪ್ಪಿಸಿಕೊಂಡು ಓಡುತ್ತದೆ. ಅಡ್ಡ ಕೊಟ್ಟರೆ ಬೆಳಕಿಗೇ ನುಗ್ಗುತ್ತದೆ. ಹುಡುಗರು ಮೊದಲನೆಯದನ್ನು ಹೆದರುಪುಕ್ಕ ಅಂದರು, ಎರಡನೆಯದನ್ನು ಸಿಡುಕ ಅಂದರು. ಬದಲಾಗಿದ್ದು ಎರಡು ವೈರ್, ಅಷ್ಟೇ ಅಲ್ವಾ? 1940ರ ದಶಕದ ಕೊನೆಯಲ್ಲೇ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮೆದುಳಿನ ವಿಜ್ಞಾನಿ ಎರಡು ವಾಲ್ವ್‌ಗಳ ಸರ್ಕ್ಯೂಟಿನಿಂದ ಬೆಳಕಿನ ಹಿಂದೆ ಹೋಗುವ ಯಂತ್ರದ ಆಮೆ ಮಾಡಿದ್ದ. ಯಂತ್ರಕ್ಕೆ ಸ್ವಭಾವ ಅಂಟಿಸುವುದು ನೋಡುವವರ ಚಟ. ಆ ಚಟ ಹುಡುಗರಿಗೆ ಮೊದಲೇ ಗೊತ್ತಿರಲಿ ಅಂತ ಈ ಪ್ರಯೋಗ.

ಇನ್ನು ಪ್ರಕರಣಕ್ಕೆ ಬರೋಣ.

ಹುಡುಗರು ತಂದ ಸಿನಾಪ್ಸಿಸ್‌ನಲ್ಲಿ, ಅಂದರೆ ಪ್ರಾಜೆಕ್ಟಿನ ಮೊದಲ ರೂಪರೇಖೆಯಲ್ಲಿ, ಇದ್ದದ್ದು ಮಂಡಕ್ಕಿ ಭಟ್ಟಿಯಲ್ಲಿ ತಿರುವುವ ರೋಬೋಟ್ ಕೈ. ಉದ್ದೇಶ: ಆಳುಗಳ ಸಂಖ್ಯೆ ಕಡಿಮೆ ಮಾಡುವುದು. ದಾವಣಗೆರೆಯವರಿಗೆ ಭಟ್ಟಿ ಹೊಸದಲ್ಲ. ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ನಮ್ಮ ಸಂಜೆ ಕಳೆಯುವುದಿಲ್ಲ, ಆದರೂ ಭಟ್ಟಿಯ ಒಳಗೆ ಹೋಗಿ ನೋಡಿದವರು ಕಡಿಮೆ. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುತ್ತಾರೆ. ಮರಳು 200 ಡಿಗ್ರಿ ದಾಟಿರುತ್ತದೆ. ಕಾಳಿನೊಳಗಿನ ತೇವ ಹಬೆಯಾಗಿ ಒಳಗಿಂದ ಒತ್ತಿ, ಕೆಲವೇ ಸೆಕೆಂಡಿನಲ್ಲಿ ಕಾಳು ಅರಳಿ ಮೇಲೆ ಬರುತ್ತದೆ. ಬೇಗ ತೆಗೆದರೆ ಗಟ್ಟಿ, ತಡವಾದರೆ ಕರಕಲು. ಆಮೇಲೆ ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಲೆಗೆ ಭತ್ತದ ಹೊಟ್ಟು. ಹೊಗೆಯ ಬಗ್ಗೆ ಹೇಳುವುದೇ ಬೇಡ.

ಡ್ರಮ್ ತಿರುಗಿಸಿ ಮಂಡಕ್ಕಿ ಹುರಿಯುವ ಯಂತ್ರಗಳು ಮಾರುಕಟ್ಟೆಯಲ್ಲಿ ಇದ್ದೇ ಇವೆ. ಆಳು ಕಡಿಮೆ ಮಾಡುವುದೇ ಗುರಿಯಾದರೆ ಮನುಷ್ಯನ ಕೈಯಂಥ ಕೈ ಯಾಕೆ ಬೇಕು? ಸಿನಾಪ್ಸಿಸ್ ನೋಡಿದ ಕಮಿಟಿಯಲ್ಲಿ ಈ ಪ್ರಶ್ನೆ ಬರಲೇ ಇಲ್ಲ. ರೋಬೋಟ್ ಎಂದ ಕೂಡಲೇ ಎಲ್ಲರಿಗೂ ಖುಷಿ.

ಮೊದಲ ಸಲ ಭಟ್ಟಿಗೆ ಹೋದಾಗ ಮಾಲೀಕರು ಚಹಾ ತರಿಸಿದರು. "ಇದು ಬಂದ್ರೆ ಎಷ್ಟು ಆಳು ಕಮ್ಮಿ ಆಗ್ತಾರೆ?" ಎಂದು ಕೇಳಿದರು. ನಮ್ಮ ಹುಡುಗನೊಬ್ಬ ಉತ್ಸಾಹದಲ್ಲಿ, "ಇಬ್ಬರು ಕಮ್ಮಿ ಆಗ್ತಾರೆ ಸರ್" ಎಂದ. ಆ ಇಬ್ಬರು ಆರಡಿ ದೂರದಲ್ಲಿ ಮರಳು ತಿರುವುತ್ತಾ ನಿಂತಿದ್ದರು.

ಈ ಪ್ರಾಜೆಕ್ಟಿನ ನಿಜವಾದ ಆರಂಭ ಅದೇ. ಮುಂದಿನ ಸಲ ಸೆನ್ಸರ್ ಹಿಡಿದುಕೊಂಡು ಹೋದರೆ ಯಾರೂ ಕೈಗೆ ಕಟ್ಟಿಸಿಕೊಳ್ಳಲಿಲ್ಲ. ಒಬ್ಬರು ಶಾಕ್ ಹೊಡಿತೈತಿ ಅಂದರು, ಇನ್ನೊಬ್ಬರು ಬೆವರಿಗೆ ನಿಮ್ಮ ಸಾಮಾನು ಹಾಳಾಗ್ತೈತಿ ಅಂದರು. ಮಾಲೀಕರು ಜೋರು ಮಾಡಿ ಕಟ್ಟಿಸುತ್ತೇನೆ ಎಂದರು. ಬೇಡ ಎಂದು ಹುಡುಗರನ್ನು ಕರೆದುಕೊಂಡು ಬಂದೆ. ಅವರಿಗೆ ಸಿಟ್ಟು ಬಂತು. ರಿವ್ಯೂ ಹತ್ತಿರ ಬರ್ತಿದೆ, ಡೇಟಾ ಇಲ್ಲ, ನೀವು ನೋಡಿದರೆ ಹೀಗೆ ಮಾಡ್ತೀರಿ ಸರ್ ಎಂದರು. ಕಾಟನ್ ಮಿಲ್‌ಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡು, ಆಮೇಲೆ ಆ ಮಿಲ್‌ಗಳು ಬಾಗಿಲು ಹಾಕಿದ್ದನ್ನೂ ನೋಡಿದ ಊರು ಇದು. ಕೆಲಸ ಹೋಗುವುದು ಅಂದರೆ ಏನು ಅಂತ ಭಟ್ಟಿಯವರಿಗೆ ನಾವು ಪಾಠ ಮಾಡಬೇಕಾಗಿಲ್ಲ.

ದಾರಿ ಮಾಡಿದ್ದು ಅಕ್ಕ. ಅವಳು ಸೆನ್ಸರ್, ಲ್ಯಾಪ್‌ಟಾಪ್ ಏನೂ ಇಲ್ಲದೆ ಸುಮ್ನೆ ಒಂದು ಸ್ಕೆಚ್ ಪುಸ್ತಕ ಹಿಡಿದು ಹೋಗಿ ಕೂತಳು. ಕೈಗಳನ್ನು ಬರೆದಳು. ಕೆಲವು ದಿನ ಯಾರೂ ಗಮನ ಕೊಡಲಿಲ್ಲ. ಆಮೇಲೆ ಚಾಚಾ ಬಂದು ನೋಡಿ, "ಹೆಬ್ಬೆರಳು ತಪ್ಪೈತಲ್ಲಮ್ಮ" ಎಂದರಂತೆ. ಅವಳು ಸೌಟಿನ ಹಿಡಿಯ ಸುತ್ತ ಹೆಬ್ಬೆರಳು ಸುತ್ತಿಕೊಂಡ ಹಾಗೆ ಬರೆದಿದ್ದಳು. ನಾವೆಲ್ಲ ಸೌಟು ಹಿಡಿಯುವುದು ಹಾಗೇ. ಚಾಚಾ ಹೆಬ್ಬೆರಳನ್ನು ಹಿಡಿಯ ಮೇಲೆ ಉದ್ದಕ್ಕೆ ಚಾಚುತ್ತಾರೆ. ಮರಳು ಎಲ್ಲಿ ಭಾರ ಇದೆ, ಎಲ್ಲಿ ಸಡಿಲ ಇದೆ ಅಂತ ಗೊತ್ತಾಗುವುದು ಆ ಬೆರಳಿಗೆ. ಗಟ್ಟಿಯಾಗಿ ಮುಷ್ಟಿ ಕಟ್ಟಿದರೆ ಅದು ತಿಳಿಯುವುದಿಲ್ಲ, ಮೊಣಕೈ ಬೇರೆ ನೋಯುತ್ತದೆ. ನಮ್ಮ ಹುಡುಗರು ಕಂಪ್ಯೂಟರಿನಲ್ಲಿ ಬರೆದ ಸಿಎಡಿ ಚಿತ್ರದಲ್ಲಿ ಹಿಡಿತ ಅಂದರೆ ಎರಡು ದವಡೆಯ ಗ್ರಿಪ್ಪರ್. ಹೆಬ್ಬೆರಳಿನ ಸುದ್ದಿಯೇ ಇರಲಿಲ್ಲ.

ಇದಾದ ಮೇಲೆ ಚಾಚಾ ಸೆನ್ಸರ್ ಕಟ್ಟಿಸಿಕೊಳ್ಳಲು ಒಪ್ಪಿದರು. ಮೂರು ಷರತ್ತು: ಹೆಸರು ಬೇಡ, ಎಷ್ಟು ಆಳು ಕಮ್ಮಿ ಅನ್ನೋ ಲೆಕ್ಕ ಮಾಲೀಕರಿಗೆ ಹೇಳಬಾರದು, ಮಾಡಿದ್ದನ್ನು ನನಗೂ ತೋರಿಸಬೇಕು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ಎಂಪಿಯು6050 ಅನ್ನೋ ಸೆನ್ಸರನ್ನು ಬಟ್ಟೆಯಲ್ಲಿ ಸುತ್ತಿ ಬಲ ಮಣಿಕಟ್ಟಿಗೆ ಕಟ್ಟಿದರು. ವೇಗೋತ್ಕರ್ಷ ಮೂರು ಅಕ್ಷದಲ್ಲಿ, ತಿರುಗುವ ವೇಗ ಮೂರು ಅಕ್ಷದಲ್ಲಿ, ಸೆಕೆಂಡಿಗೆ 100 ಸಲ ದಾಖಲೆ. ಗ್ರಾಫ್ ಚೆನ್ನಾಗಿಯೇ ಬಂತು. ತಿರುವುವ ಸುತ್ತುಗಳು ಒಂದರ ಹಿಂದೆ ಒಂದು ಅಲೆಅಲೆಯಾಗಿ. ಹುಡುಗರು ಪಾಠದಲ್ಲಿ ಕಲಿತದ್ದನ್ನೇ ಮಾಡಿದರು: ಸುತ್ತುಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದು ಒಂದು ಆದರ್ಶ ಸುತ್ತು ಮಾಡಿದರು. ನಯವಾದ ಗೆರೆ, ರಿಪೋರ್ಟಿಗೆ ಹೇಳಿ ಮಾಡಿಸಿದ ಹಾಗಿತ್ತು.

ಅಕ್ಕನಿಗೆ ಅದು ಸರಿ ಕಾಣಲಿಲ್ಲ. ಅವಳು ದಿನಗಟ್ಟಲೆ ಆ ಕೈ ನೋಡಿ ಬರೆದವಳು. "ಚಾಚಾ ಮಧ್ಯೆ ಮಧ್ಯೆ ನಿಲ್ಲಿಸ್ತಾರಲ್ಲ, ಅದು ಎಲ್ಲಿ ಹೋಯ್ತು?" ಎಂದು ಕೇಳಿದಳು. ಮೂಲ ದಾಖಲೆ ತೆರೆದು ನೋಡಿದರೆ ಇತ್ತು. ಅರ್ಧ ಸೆಕೆಂಡೂ ಇರದ ಸಣ್ಣ ನಿಲುಗಡೆಗಳು, ಒಂದು ಸುತ್ತಿನಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ಒಂದೇ ಜಾಗದಲ್ಲಿ ಬರದೇ ಇದ್ದದ್ದರಿಂದ ಸರಾಸರಿಯಲ್ಲಿ ಕರಗಿ ಹೋಗಿದ್ದವು. ಹುಡುಗರು ಅದನ್ನು ನಾಯ್ಸ್ ಅಂದುಕೊಂಡಿದ್ದರು, ಸೆನ್ಸರ್ ಅಲುಗಾಡಿದ್ದು ಅಂತ. ಚಾಚಾ ಹತ್ತಿರ ಕೇಳಿದಾಗ ಅವರು ಹೇಳಿದ್ದು: "ಅದು ನಿಲ್ಲೋದಲ್ಲಪ್ಪ. ಸಪ್ಪಳ ಕೇಳ್ತೀನಿ. ಚಟಪಟ ಅನ್ನೋದು ಕಮ್ಮಿ ಆತು ಅಂದ್ರ ತೆಗೀಬೇಕು."

ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನ ತಿರುಳು ಇಲ್ಲಿದೆ. ಫಿಲ್ಟರ್ ಹಾಕುವುದು ಅಂದರೆ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನ ಮಾಡುವುದು. ಆ ತೀರ್ಮಾನವನ್ನು ಲ್ಯಾಬಿನಲ್ಲಿ ಕೂತು, ಕೆಲಸ ಗೊತ್ತಿಲ್ಲದವರು, ಒಂದು ಸಾಲಿನ ಕೋಡಿನಲ್ಲಿ ಮಾಡಿಬಿಡುತ್ತಾರೆ. ಹಾಗೆ ಕೈಬಿಟ್ಟದ್ದು ಇಲ್ಲಿ ಚಾಚಾನ ಕಸುಬೇ ಆಗಿತ್ತು. ಉಳಿದದ್ದು ಕೈ ಆಡಿಸುವುದು, ಅದನ್ನು ಯಾವ ಡ್ರಮ್ಮಾದರೂ ಮಾಡುತ್ತದೆ. ತಿರುವುವುದು ಕೈಕೆಲಸ, ಕೌಶಲ ಬೇಡದ ಕೆಲಸ ಅಂತ ಸಿನಾಪ್ಸಿಸ್‌ನಲ್ಲಿ ಬರೆದಿದ್ದರಲ್ಲ, ಆ ಸಾಲನ್ನು ಹುಡುಗರೇ ಹೊಡೆದು ಹಾಕಿದರು. ನಾನು ಹೇಳಿದ್ದರೆ ಹೊಡೆಯುತ್ತಿರಲಿಲ್ಲ, ಗೈಡಿನ ಕಾಟ ಎಂದುಕೊಂಡು ತಲೆಯಾಡಿಸುತ್ತಿದ್ದರು.

ಕಟ್ಟುವ ಹಂತದಲ್ಲಿ ಆಗುವ ಮಾಮೂಲಿ ತಾಪತ್ರಯಗಳೆಲ್ಲ ಆದವು. ಕೈಯ ಕೀಲು ಆಡಿಸುವ ಎಂಜಿ996ಆರ್ ಸರ್ವೋ ಮೋಟರ್‌ಗಳು ಒತ್ತಡಕ್ಕೆ ಸಿಕ್ಕಾಗ ಒಂದೊಂದೂ 2 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತವೆ, ಎಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್. ಬೇರೆ ಪವರ್ ಸಪ್ಲೈ ಹಾಕಿ, ಗ್ರೌಂಡ್ ಒಂದು ಮಾಡಿದ ಮೇಲೆ ಸರಿಹೋಯಿತು. ತ್ರೀಡಿ ಪ್ರಿಂಟ್ ಮಾಡಿದ ಕೈಯನ್ನು ಒಮ್ಮೆ ಭಟ್ಟಿಯ ಬಾಣಲೆ ಹತ್ತಿರ ಹಿಡಿದು ನೋಡಿದರು. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಿಸಿಲಿಗಿಟ್ಟ ಮೇಣದಬತ್ತಿ ಹಾಗೆ ಬಾಗಿತು. ಅಲ್ಯೂಮಿನಿಯಂ ಪಟ್ಟಿಗೆ ಬದಲಾಯಿಸಿದರು. ಅಷ್ಟರಲ್ಲಿ ಇನ್ನೊಂದು ತೀರ್ಮಾನವೂ ಆಗಿತ್ತು: ಈ ಕೈ ಭಟ್ಟಿಗೆ ಹೋಗುವುದಿಲ್ಲ, ಪ್ರದರ್ಶನಕ್ಕೆ ಹೋಗುತ್ತದೆ. ಬೆಂಕಿಯಿಲ್ಲದ ಬಾಣಲೆ, ತಣ್ಣಗಿನ ಮರಳು, ಚಾಚಾನ ಕೈಯ ಲಯ, ಆ ನಿಲುಗಡೆಗಳ ಸಮೇತ. ಜೊತೆಗೆ ಒಂದು ಮೈಕ್, ಕೈ ಕೇಳಿಸಿಕೊಳ್ಳಲಿ ಎಂದು. ಬಾಣಲೆಯ ಕೆಳಗೆ ಸಣ್ಣ ಸ್ಪೀಕರಿನಲ್ಲಿ ಭಟ್ಟಿಯ ಚಟಪಟ ಸದ್ದು. ಸುತ್ತಲಿನ ಗದ್ದಲ ಒಂದು ಮಟ್ಟ ದಾಟಿದರೆ ಕೈ ನಿಲ್ಲುತ್ತದೆ, ಯಾಕೆಂದರೆ ಕೇಳಿಸದೆ ಕೆಲಸ ಆಗುವುದಿಲ್ಲ.

ಇದಕ್ಕೆ ಹಿರಿಯಣ್ಣ ಒಬ್ಬನಿದ್ದಾನೆ. ಎಡ್ವರ್ಡ್ ಇಹ್ನಾಟೊವಿಚ್ ಎಂಬ ಕಲಾವಿದ ಫಿಲಿಪ್ಸ್ ಕಂಪನಿಗಾಗಿ ಮಾಡಿದ ಸೆನ್‌ಸ್ಟರ್ 1970ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಪ್ರದರ್ಶನಕ್ಕೆ ಬಂತು. ಹೈಡ್ರಾಲಿಕ್‌ನಲ್ಲಿ ಆಡುವ, ಕಂಪ್ಯೂಟರ್ ನಡೆಸುವ ದೊಡ್ಡ ಉಕ್ಕಿನ ಕತ್ತು. ಮೆಲ್ಲಗೆ ಮಾತಾಡಿದರೆ ಹತ್ತಿರ ಬಾಗುತ್ತಿತ್ತು, ಕಿರುಚಿದರೆ, ದಡಬಡ ಓಡಾಡಿದರೆ ಹಿಂದೆ ಸರಿಯುತ್ತಿತ್ತು. ಕೆಲವೇ ವರ್ಷದಲ್ಲಿ ಬಿಚ್ಚಿ ಹಾಕಿದರು. ಈಗ ಪೋಲೆಂಡಿನ ಕ್ರಾಕೋವ್‌ನಲ್ಲಿ ಒಂದು ತಾಂತ್ರಿಕ ವಿಶ್ವವಿದ್ಯಾಲಯ ಅದನ್ನು ತಂದು ಮತ್ತೆ ಚಾಲೂ ಮಾಡಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಅಂಥ ಯಂತ್ರದ ಸ್ಕ್ರೂ ಬಿಚ್ಚಿ ಕಲಿಯುತ್ತಾರೆ ಅಂದರೆ ನನಗೆ ಹೊಟ್ಟೆಕಿಚ್ಚು.

ಹುಡುಗರಿಗೆ ಕೈ ಮೇಲೆ ಎರಡು ಎಲ್‌ಇಡಿ ಕಣ್ಣು ಇಡುವ ಆಸೆ. ಅಕ್ಕ ಬಿಡಲಿಲ್ಲ. ಚೀನಾದ ಸುನ್ ಯುವಾನ್, ಪೆಂಗ್ ಯು ಇಬ್ಬರು 2016ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂಗೆ ಮಾಡಿದ ಕೃತಿಯ ವಿಡಿಯೊ ನೀವೂ ನೋಡಿರಬಹುದು. ಕಾರ್ಖಾನೆಯ ದೊಡ್ಡ ರೋಬೋಟ್ ಕೈ ರಕ್ತದಂಥ ದ್ರವವನ್ನು ತನ್ನ ಕಡೆಗೆ ಗೋರಿಕೊಳ್ಳುತ್ತಲೇ ಇರುತ್ತದೆ. ಆ ವಿಡಿಯೊ ಕೆಳಗೆ ಜನ ಅಯ್ಯೋ ಪಾಪ ಎಂದು ಅತ್ತದ್ದೇ ಅತ್ತದ್ದು. "ನಮ್ಮ ಕೈಗೆ ಕಣ್ಣಿಟ್ಟರೆ ಪಾಪ ಅನ್ನೋದೆಲ್ಲ ಇದಕ್ಕೇ ಹೋಗುತ್ತೆ, ಚಾಚಾಗೆ ಏನೂ ಉಳಿಯಲ್ಲ" ಎಂದಳು. ಕಣ್ಣೂ ಇಲ್ಲ, ಹೆಸರೂ ಇಲ್ಲ. ಒಳ್ಳೆಯ ತೀರ್ಮಾನ.

ಪ್ರದರ್ಶನ ಅಕ್ಕನ ಕಡೆಯವರು ಏರ್ಪಾಡು ಮಾಡಿದ್ದು. ಮೈಕಿನ ಭಾಗ ಅರ್ಧ ಸೋತಿತು ಎಂದೇ ಹೇಳಬೇಕು. ಜನಕ್ಕೆ ಅದು ಆಟ ಆಯಿತು. ಚಪ್ಪಾಳೆ ತಟ್ಟಿ ನಿಲ್ಲಿಸೋದು, ಮತ್ತೆ ಶುರುವಾಗೋದನ್ನು ನೋಡೋದು, ಸೆಲ್ಫಿ. ಮಕ್ಕಳಂತೂ ಕೂಗಿ ಕೂಗಿ ಸುಸ್ತಾದರು. ಕೇಳಿಸಿಕೊಳ್ಳುವುದೂ ಒಂದು ಕೆಲಸ ಎಂಬ ವಿಷಯ ಎಷ್ಟು ಜನಕ್ಕೆ ಮುಟ್ಟಿತೋ. ವಿಮರ್ಶೆ ಮಾಡುವ ಯಂತ್ರ ಅಂತ ಕಟ್ಟಿ, ಕೊನೆಗೆ ಅದು ತಮಾಷೆಯ ವಸ್ತುವಾಗುವುದು ಈ ದಾರಿಯಲ್ಲಿ ಹೋಗುವವರೆಲ್ಲ ಎದುರಿಸುವ ಅಪಾಯ.

ಚಾಚಾ ಸಂಜೆ ಬಂದರು, ಮೊಮ್ಮಗನ ಜೊತೆ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಸ್ವಲ್ಪ ಹೊತ್ತು ನೋಡಿ, "ಉಲ್ಟಾ ತಿರುಗಿಸ್ತೈತಲ್ಲೋ ಇದು" ಎಂದರು. ಹೌದು. ಕೋಡಿನಲ್ಲಿ ಒಂದು ಅಕ್ಷದ ಚಿಹ್ನೆ ಅದಲುಬದಲಾಗಿ, ಬಲಗೈಯ ಚಲನೆ ಕನ್ನಡಿಯಲ್ಲಿ ಕಂಡ ಹಾಗೆ ಎಡಗೈಯದಾಗಿತ್ತು. ಎರಡು ರಿವ್ಯೂ ದಾಟಿ ಬಂದ ಕೋಡ್ ಅದು, ಮೂವರು ಮೇಷ್ಟ್ರು ನೋಡಿದ್ದು. ಹುಡುಗರು ಅಲ್ಲೇ ನೆಲದ ಮೇಲೆ ಕೂತು ಸರಿ ಮಾಡಿದರು. ಆಮೇಲೆ ಚಾಚಾ ಕೇಳಿದ್ದು: ಇದಕ್ಕೆ ಎಷ್ಟು ಖರ್ಚಾತು, ಕರೆಂಟ್ ಎಷ್ಟು ತಿಂತೈತಿ. ಅದಾದ ಮೇಲೆ, "ತಿರುವೋದು ನನಗ ಬರ್ತೈತಿ, ಅದನ್ನ್ಯಾಕ ಮಾಡಿದ್ರಿ? ಹೊಗಿ ಹೊರಗ ಹಾಕಾಕ ಏನಾರ ಮಾಡ್ರಿ. ಹೊಟ್ಟು ಹಾಕಾಕ ಮಾಡ್ರಿ."

ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಬಂದ ಎಕ್ಸ್‌ಟರ್ನಲ್ ಪರೀಕ್ಷಕರು ಮೊದಲು ಕೇಳಿದ್ದು, ಗಂಟೆಗೆ ಎಷ್ಟು ಕೆಜಿ? "ಸೊನ್ನೆ ಸರ್" ಎಂದ ಹುಡುಗ, ಅದೇ ಹಿಂದೆ ಇಬ್ಬರು ಕಮ್ಮಿ ಆಗ್ತಾರೆ ಎಂದಿದ್ದವನು. ರಿಪೋರ್ಟಿನ ಫಾರ್ಮ್ಯಾಟಿನಲ್ಲಿ ನಿಖರತೆಯ ಟೇಬಲ್ ಕಡ್ಡಾಯ. ಅದರಲ್ಲಿ ಮೂಲ ಚಲನೆಗೂ ಕೈಯ ಚಲನೆಗೂ ಇರುವ ವ್ಯತ್ಯಾಸ ತುಂಬಿದ್ದರು. ಇನ್ನು ಕಷ್ಟ ಎಂದುಕೊಂಡೆ. ಆದರೆ ಅವರ ಮುಂದಿನ ಪ್ರಶ್ನೆ ನಾನು ಕೂಡ ಅಷ್ಟು ನೇರವಾಗಿ ಕೇಳಿರಲಿಲ್ಲ: "ಆ ಮನುಷ್ಯನ ಕೈ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ. ನಾಳೆ ಮಷಿನ್ ಮಾಡುವವರು ಕೇಳಿದರೆ ಕೊಡ್ತೀರಾ?" ಯಾರೂ ಬಾಯಿ ಬಿಡಲಿಲ್ಲ. ಮಾರ್ಕ್ಸ್ ಬಂತು, ಪರವಾಗಿಲ್ಲ ಅನ್ನುವಷ್ಟು. ನೆಲದ ಗೆರೆ ಹಿಡಿದು ಓಡುವ ಲೈನ್ ಫಾಲೋವರ್ ಗಾಡಿ ಮಾಡಿದ ಗುಂಪಿಗೆ ಇವರಿಗಿಂತ ಜಾಸ್ತಿ. ನನಗೆ ಬೇಜಾರಾಯಿತು, ಹುಡುಗರಿಗೆ ಅಷ್ಟಾಗಲಿಲ್ಲ.

ಡೇಟಾ ಜಗಳ ವೈವಾ ಮುಗಿದ ಮೇಲೂ ನಡೆಯಿತು. ಮುಂದಿನ ಬ್ಯಾಚಿಗೆ ಉಪಯೋಗ ಆಗುತ್ತೆ, ಇಟ್ಟುಕೊಳ್ಳೋಣ ಅಂತ ಒಬ್ಬ. ಒಪ್ಪಿಗೆ ಕೊಟ್ಟಿದ್ದು ಈ ಕೈಗೆ ಮಾತ್ರ ಅಂತ ಇನ್ನಿಬ್ಬರು. ನಾನು ಇಬ್ಬರ ಕಡೆ. ಹೊಸ ಬ್ಯಾಚಿಗೆ ಬೇಕಾದರೆ ಅವರೂ ಹೋಗಿ ಕೂತು ಕೇಳಿ ಪಡೆಯಲಿ, ಹಾಗೆ ಹೋಗಿ ಕೂರುವುದೇ ಪಾಠದ ಮುಖ್ಯ ಭಾಗ. ಮೂಲ ಫೈಲನ್ನು ಮೆಮೊರಿ ಕಾರ್ಡಿಗೆ ಹಾಕಿ ಚಾಚಾಗೆ ಕೊಟ್ಟು, ಲ್ಯಾಬಿನ ಪ್ರತಿ ಅಳಿಸಿದೆವು. ಆ ಕಾರ್ಡಿನಲ್ಲಿ ಈಗ ಮೊಮ್ಮಗನ ಹಾಡುಗಳಿವೆಯಂತೆ. ಇಟ್ಟುಕೊಳ್ಳೋಣ ಎಂದವನು ಇದನ್ನು ಕೇಳಿ ಇವತ್ತಿಗೂ ಗೊಣಗುತ್ತಾನೆ.

ಪೇಪರಿನಲ್ಲಿ ಎರಡು ಬದಲಾವಣೆ ಮಾಡಿದ್ದೇನೆ. ಈಗ ಜಾಗಕ್ಕೆ ಮೊದಲು ಬರಿಗೈಯಲ್ಲಿ ಹೋಗಬೇಕು, ಸಿನಾಪ್ಸಿಸ್ ಬರೆಯುವುದು ಆಮೇಲೆ. ಲಾಗ್‌ಬುಕ್‌ಗೂ ಮಾರ್ಕ್ಸ್ ಇದೆ, ಅದರಲ್ಲಿ ಯಾವ ಡೇಟಾ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಬರೆಯಬೇಕು. ಇದು ಆರ್ಟ್ಸ್‌ನವರ ಕೆಲಸ ಎಂದು ಸ್ಟಾಫ್‌ರೂಮಿನಲ್ಲಿ ಒಬ್ಬಿಬ್ಬರು ಈಗಲೂ ನಗುತ್ತಾರೆ. ನಗಲಿ, ಉಲ್ಟಾ ತಿರುಗುವ ಕೈ ಅವರ ಕಣ್ಣಿಗೂ ಬಿದ್ದಿರಲಿಲ್ಲ.

ಈ ವರ್ಷದ ಗುಂಪು ಹೊಟ್ಟು ಹಾಕುವ ಫೀಡರ್ ಹಿಡಿದುಕೊಂಡಿದೆ. ಒಲೆಗೆ ಹೊಟ್ಟು ಹಾಕುವುದು ಚಾಚಾನ ತಂಗಿಯ ಮಗನ ಕೆಲಸ, ಆದ್ದರಿಂದ ಈ ಸಲ ಮೊದಲು ಅವನನ್ನೇ ಕೇಳಿದರು. ಆ ಕೆಲಸ ಬೇಡವೇ ಬೇಡ, ಕೂಲಿ ಮಾತ್ರ ಹೋಗಬಾರದು ಎಂದಿದ್ದಾನೆ. ಆ ಎರಡನೇ ಮಾತನ್ನು ಮಾಲೀಕರ ಮುಂದೆ ಯಾರು, ಹೇಗೆ ಎತ್ತಬೇಕು ಎಂಬ ಚರ್ಚೆ ಲಾಗ್‌ಬುಕ್‌ನಲ್ಲಿ ಪುಟಗಟ್ಟಲೆ ಹೋಗಿದೆ. ತಾಂತ್ರಿಕ ಕಡೆಯೂ ಸಲೀಸಿಲ್ಲ. ಹೊಟ್ಟು ಹಗುರ, ಅದನ್ನು ತುಂಬುವ ಹಾಪರಿನ ಬಾಯಲ್ಲಿ ಕಮಾನು ಕಟ್ಟಿ ನಿಂತುಬಿಡುತ್ತದೆ, ಕೆಳಗೆ ಇಳಿಯುವುದಿಲ್ಲ. ಅದರಲ್ಲಿ ಸಿಲಿಕಾ ಜಾಸ್ತಿ ಇರುವುದರಿಂದ ಹೊಟ್ಟು ತಳ್ಳುವ ಸ್ಕ್ರೂ ಬೇಗ ಸವೆಯುತ್ತದೆ. ಸದ್ಯಕ್ಕೆ ಹಾಪರ್ ಅಲುಗಾಡಿಸಲು ಹಳೇ ಮಿಕ್ಸಿಯ ಮೋಟರ್ ಕಟ್ಟಿದ್ದಾರೆ, ಸದ್ದು ವಿಪರೀತ, ಆ ಸದ್ದಿನಲ್ಲಿ ಚಟಪಟ ಕೇಳಲ್ಲ ಎಂದು ಚಾಚಾ ಆಗಲೇ ತಕರಾರು ತೆಗೆದಿದ್ದಾರೆ.